ಪೆನ್ಸಿಲ್ಲಿನಲ್ಲಿ ಬರೆದ ಷರಾ

ನಮ್ಮ ಮನೆಯ ಟಿ.ವಿ. ರಿಮೋಟಿನಲ್ಲಿ ಮೂರನೇ ನಂಬರಿನ ಗುಂಡಿ ಒಳಕ್ಕೆ ಹೋಗಿ ಕೂತುಬಿಟ್ಟಿದೆ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗಾಗುತ್ತದೆ. ಕನ್ನಡ ವಾರ್ತೆ ನೋಡೋಣವೆಂದು ಮೂರು ಒತ್ತಿದರೆ ಅದು ನೇರವಾಗಿ ಮೂವತ್ತಮೂರಕ್ಕೆ ಹೋಗಿ ನಿಲ್ಲುತ್ತದೆ. ಮಗಳು ಶುಭಾ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಅವಳ ಜೊತೆಗೇ ಇದ್ದೇನೆ. ‘ಹೊಸ ರಿಮೋಟ್ ತರ್ತೀನಿ ಇರಪ್ಪ’ ಎಂದು ಅವಳು ಹೇಳಲು ಶುರುಮಾಡಿ ಆರು ತಿಂಗಳಾಯಿತು. ಅವಳು ತರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅಷ್ಟರಲ್ಲಿ ನನಗೆ ಮೂವತ್ತಮೂರು ಅಭ್ಯಾಸವಾಗಿತ್ತು.

ಆ ಚಾನೆಲ್ಲಿನಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಒಂದು ಇಂಗ್ಲಿಷ್ ಹಾಸ್ಯ ಧಾರಾವಾಹಿ ಬರುತ್ತದೆ. ಅಮೆರಿಕದ ಒಂದು ಮನೆ, ದೊಡ್ಡದೊಂದು ಸೋಫಾ, ಇಬ್ಬರು ಹೆಂಗಸರು, ಇಬ್ಬರು ಮಕ್ಕಳು, ಒಂದು ನಾಯಿ. ಯಾರು ಏನು ಹೇಳಿದರೂ ಹಿಂದಿನಿಂದ ಕಾಣದ ಜನ ಗೊಳ್ಳೆಂದು ನಗುತ್ತಾರೆ. ನಾನು ಕನ್ನಡ ಪಂಡಿತ. ನನ್ನ ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟಿದೆ. ಕೆಳಗೆ ಓಡುವ ಅಕ್ಷರಗಳನ್ನು ಕೂಡಿಸಿಕೊಂಡು ಓದಿ ಮುಗಿಸುವ ಹೊತ್ತಿಗೆ ಅವರ ನಗು ಮುಗಿದಿರುತ್ತದೆ. ಆಮೇಲೆ ನಾನೊಬ್ಬನೇ ನಗುತ್ತೇನೆ.

ಮೊದಲ ಮೂರು ವಾರ ನಾನು ಆ ಇಬ್ಬರು ಹೆಂಗಸರನ್ನು ಓರಗಿತ್ತಿಯರೆಂದು ತಿಳಿದಿದ್ದೆ. ಗಂಡಂದಿರು ಎಲ್ಲೋ ದೂರ ಡ್ಯೂಟಿ ಮೇಲೆ ಹೋಗಿರಬೇಕು, ಇವತ್ತಲ್ಲ ನಾಳೆ ಸೂಟ್‌ಕೇಸ್ ಹಿಡಿದು ಬಾಗಿಲು ತಟ್ಟುತ್ತಾರೆ ಎಂದು ಕಾದೆ. ಬರಲಿಲ್ಲ. ‘ಏನೇ ಶುಭಾ, ಇವರ ಯಜಮಾನರು ಯಾವಾಗ ಬರ್ತಾರೆ?’ ಎಂದು ಕೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಎತ್ತದೆ, ‘ಅಪ್ಪಾ, ಯಾರೂ ಬರಲ್ಲ. ಅವರಿಬ್ಬರೇ ಸಂಸಾರ. ಆ ಮಕ್ಕಳಿಗೆ ಇಬ್ಬರೂ ಅಮ್ಮಂದಿರೇ’ ಅಂದಳು. ಅಪ್ಪ ಈಗ ರಾಮ ರಾಮಾ ಅನ್ನುತ್ತಾರೆ ಎಂದು ಅವಳು ಕಾದಿದ್ದಳೆಂದು ಕಾಣುತ್ತದೆ. ನಾನು ‘ಓಹೋ, ಹಾಗೋ. ಗೊತ್ತು ಗೊತ್ತು’ ಅಂದೆ. ‘ನಿಂಗೆ ಹೇಗಪ್ಪ ಗೊತ್ತು?’ ಎಂದು ನಕ್ಕಳು. ನಾನು ರಿಮೋಟು ತೆಗೆದುಕೊಂಡು ಸೌಂಡು ಜಾಸ್ತಿ ಮಾಡಿದೆ.

ಹೇಗೆ ಗೊತ್ತೆಂಬುದನ್ನು, ಹೋದ ಭಾನುವಾರದ ಕಂತು ಇಲ್ಲದಿದ್ದರೆ, ಈಗಲೂ ಹೇಳುತ್ತಿರಲಿಲ್ಲ. ಆ ಕಂತಿನಲ್ಲಿ ಇಬ್ಬರೂ ಚಿಕ್ಕ ಮಗುವನ್ನು ಶಾಲೆಗೆ ಸೇರಿಸಲು ಹೋಗುತ್ತಾರೆ. ಕೌಂಟರಿನಲ್ಲಿ ಕೂತವಳು ಒಂದು ಫಾರಂ ಕೊಡುತ್ತಾಳೆ. ಅದರಲ್ಲಿ ತಂದೆಯ ಹೆಸರಿಗೆ ಒಂದು ಜಾಗ, ತಾಯಿಯ ಹೆಸರಿಗೆ ಒಂದು ಜಾಗ. ಅವರು ‘ತಂದೆ’ ಎಂದಿದ್ದನ್ನು ಹೊಡೆದುಹಾಕಿ ಅಲ್ಲೂ ‘ತಾಯಿ’ ಎಂದು ಬರೆಯುತ್ತಾರೆ. ಕೌಂಟರಿನವಳ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ಕೈಯಲ್ಲಿದ್ದ ಪೆನ್ನು ಕೆಳಗೆ ಬೀಳುತ್ತದೆ. ಕಾಣದ ಜನ ನಕ್ಕದ್ದೂ ನಕ್ಕದ್ದೇ, ಚಪ್ಪಾಳೆ ಬೇರೆ. ಶುಭಾನೂ ನಕ್ಕಳು. ನಾನು ಎದ್ದು ಒಳಗೆ ಹೋಗಿ ನೀರು ಕುಡಿದೆ. ಆ ಕೌಂಟರಿನಲ್ಲಿ ಕೂತಿದ್ದವನು ನಾನು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಅರಕಲಗೂಡಿನ ಹೈಸ್ಕೂಲೊಂದರಲ್ಲಿ ನಾನು ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದೆ. ಪಾಠ ಹೇಗಿತ್ತೋ ಮಕ್ಕಳನ್ನೇ ಕೇಳಬೇಕು, ಆದರೆ ನನ್ನ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬೋರ್ಡಿನ ಮೇಲೆ ಸುಭಾಷಿತ, ಬೀಳ್ಕೊಡುಗೆಯ ಅಭಿನಂದನಾ ಪತ್ರ, ತೀರಿಕೊಂಡವರ ಮನೆಯ ವೈಕುಂಠ ಸಮಾರಾಧನೆಯ ಕಾಗದ, ಎಲ್ಲ ನನ್ನ ಕೈಯಿಂದಲೇ. ಹಾಗಾಗಿ ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವ ದಾಖಲಾತಿ ರಿಜಿಸ್ಟರನ್ನೂ ಹೆಡ್‌ಮಾಸ್ಟರು ನನ್ನ ಮುಂದೆಯೇ ಇಡುತ್ತಿದ್ದರು. ಅಕ್ಷರ ಚೆನ್ನಾಗಿರುವವನ ಮನಸ್ಸೂ ಚೆನ್ನಾಗಿರುತ್ತದೆಂದು ಊರಿನ ಜನ ನಂಬಿದ್ದರು. ನಾನು ಅವರನ್ನು ತಿದ್ದಲು ಹೋಗಲಿಲ್ಲ.

ಆ ರಿಜಿಸ್ಟರು ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿಕೊಳ್ಳುವಷ್ಟು ಅಗಲ. ಕ್ರಮಸಂಖ್ಯೆ, ಹೆಸರು, ಹುಟ್ಟಿದ ತಾರೀಕು, ಜಾತಿ, ತಂದೆ, ತಾಯಿ, ಹಿಂದೆ ಓದಿದ ಶಾಲೆ, ಹೀಗೆ ಮನೆಗಳು. ಎಲ್ಲಕ್ಕಿಂತ ಬಲಕ್ಕೆ ಕೊನೆಯ ಮನೆಯ ತಲೆಯ ಮೇಲೆ ‘ಷರಾ’ ಎಂದು ಅಚ್ಚು ಹಾಕಿರುತ್ತದೆ. ಬೇರೆಲ್ಲೂ ಹಿಡಿಸದ ಮಾತನ್ನು ಬರೆಯುವ ಜಾಗ ಅದು. ‘ಟಿ.ಸಿ. ನಂತರ ತರುವುದಾಗಿ ಹೇಳಿದ್ದಾರೆ.’ ‘ಎಡಗೈಯಲ್ಲಿ ಬರೆಯುತ್ತಾನೆ.’ ‘ಅವಳಿ ಮಕ್ಕಳು, ಹಣೆಯ ಗಾಯದಿಂದ ಗುರುತಿಸುವುದು.’ ನನಗೆ ಷರಾ ಬರೆಯುವುದೆಂದರೆ ಬಹಳ ಇಷ್ಟ. ಉಳಿದ ಮನೆಗಳಲ್ಲಿ ಸರ್ಕಾರ ಕೇಳಿದ್ದನ್ನು ಬರೆಯಬೇಕು, ಇಲ್ಲಿ ಮಾತ್ರ ನನಗೆ ತೋಚಿದ್ದು.

ತೊಂಬತ್ತರ ದಶಕದ ನಡುವಿನ ಒಂದು ಜೂನಿನಲ್ಲಿ ಎಂಟನೇ ಕ್ಲಾಸಿಗೆ ಸೇರಲು ಸುಮ ಎಂಬ ಹುಡುಗಿ ಬಂದಳು. ಎರಡು ಜಡೆ, ಅಲುಗಾಡದ ದೃಷ್ಟಿ. ಜೊತೆಗೆ ಇಬ್ಬರು ಹೆಂಗಸರು. ಒಬ್ಬರನ್ನು ಅರಕಲಗೂಡಿನಲ್ಲಿ ಅರಿಯದವರಿಲ್ಲ. ವೇದವತಿಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ. ಗಂಡ ಅದೇ ಇಲಾಖೆಯಲ್ಲಿದ್ದವರು. ಮಗು ಹೊಟ್ಟೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಆ ಕೆಲಸ ಇವರಿಗೆ ಸಿಕ್ಕಿತ್ತು. ನಂಬರ್ ತಿರುಗಿಸುವ ಫೋನು ಬರುವ ಮುಂಚೆ ಊರಿನ ಸಾವು, ನೋವು, ಗಂಡು ಒಪ್ಪಿದ ಸುದ್ದಿ, ಒಪ್ಪದ ಸುದ್ದಿ, ಎಲ್ಲ ಅವರ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಒಂದನ್ನೂ ಅವರು ಹೊರಗೆ ಹಾಕಿದವರಲ್ಲ. ಊರು ಮಾತ್ರ ಅವರ ವಿಷಯದಲ್ಲಿ ಆ ಮರ್ಯಾದೆ ತೋರಿಸಲಿಲ್ಲ.

ಇನ್ನೊಬ್ಬಳು ಪುಟ್ಟತಾಯಮ್ಮ. ಗೊರೂರಿನ ಕಡೆಯ ಊರಾಚೆ ಕೇರಿಯವಳು. ಅವಳ ತವರಿನಲ್ಲಿ ಗೋಡೆಯ ಮೇಲೆ ಬುದ್ಧನ ಪಟ ಇತ್ತೆಂದು ಕೇಳಿದ್ದೇನೆ. ನೋಡಿ, ಈಗ ಓದಿಕೊಂಡರೆ ಗೊತ್ತಾಗುತ್ತಿದೆ, ವೇದವತಿಯವರಿಗೆ ಬಹುವಚನ ಹಾಕಿದ ಪೆನ್ನು ಎರಡೇ ಸಾಲಿನಲ್ಲಿ ಇವರಿಗೆ ಏಕವಚನ ಹಾಕಿದೆ. ಪಂಡಿತನ ಪೆನ್ನು, ತಾನಾಗಿಯೇ ಓಡುತ್ತದೆ. ತಿದ್ದಿಕೊಳ್ಳುತ್ತೇನೆ. ಪುಟ್ಟತಾಯಮ್ಮನವರು ಮೊದಲು ಕೂಸು ಎತ್ತಿಕೊಳ್ಳಲು ಆ ಮನೆಗೆ ಬಂದವರು, ಆಮೇಲೆ ಹೊರಟು ಹೋಗಲಿಲ್ಲ. ಸೀಸನ್ನಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಬೆಂಕಿಯ ಕಾವಿನಲ್ಲಿ ಹದ ಮಾಡಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸ. ಅದರ ಕಂದು ಬಣ್ಣ ಬೆರಳಿನಿಂದ ಹೋಗುವುದೇ ಇಲ್ಲ.

ತಂದೆಯ ಹೆಸರು ಬರೆದೆ, ಹಿಂದೆ ‘ದಿವಂಗತ’ ಸೇರಿಸಿದೆ. ತಾಯಿಯ ಹೆಸರು ಬರೆದೆ. ಪೆನ್ನು ಮುಂದಿನ ಮನೆಗೆ ಹೋಗುವಾಗ ವೇದವತಿಯವರು, ‘ಇನ್ನೊಬ್ರ ಹೆಸರಿದೆ ಸಾರ್, ಬರ್ಕೊಳ್ಳಿ’ ಅಂದರು.

‘ಇನ್ನೊಬ್ರು ಅಂದ್ರೆ?’

ಅವರು ಉತ್ತರ ಹೇಳುವ ಮೊದಲೇ ಹುಡುಗಿ, ‘ಇವ್ರು ಅಮ್ಮ, ಇವ್ರು ಅವ್ವ’ ಎಂದು ಇಬ್ಬರ ಕಡೆಗೂ ಕೈ ತೋರಿಸಿತು.

ನನಗೆ ನಗು ಬಂತು. ಕನ್ನಡ ಪಂಡಿತನ ಮುಂದೆ ಇಂಥ ಮಾತು ಆಡಬಾರದು. ‘ಅಮ್ಮ ಅಂದ್ರೂ ಒಂದೇ, ಅವ್ವ ಅಂದ್ರೂ ಒಂದೇ ಕಣಮ್ಮ. ಸಮಾನಾರ್ಥಕ ಪದಗಳು. ಮುಂದೆ ನಾನೇ ಪಾಠ ಮಾಡ್ತೀನಿ’ ಅಂದೆ.

‘ಅರ್ಥ ಒಂದೇ ಸಾರ್, ಆದ್ರೆ ಇಬ್ರು’ ಅಂದಿತು ಹುಡುಗಿ.

ಪಕ್ಕದ ಮೇಜಿನ ಡ್ರಿಲ್ ಮೇಷ್ಟರು ಕೆಮ್ಮಿದರು. ಆ ಕೆಮ್ಮು ಎಂಥದ್ದೆಂದು ನಿಮಗೆ ಗೊತ್ತು. ನಾನು ವೇದವತಿಯವರಿಗೆ, ‘ಎಲ್ಲಿ ಬರೀಲಿ ಮೇಡಂ? ಅದಕ್ಕೆ ಕಾಲಂ ಇಲ್ಲವಲ್ಲ’ ಅಂದೆ. ಅವರು ಸಿಟ್ಟಾಗಲಿಲ್ಲ. ‘ಎಲ್ಲಾದ್ರೂ ಒಂದು ಕಡೆ ಬರೀರಿ ಸಾರ್. ನಾಳೆ ದಿನ ನಾನಿಲ್ದೆ ಹೋದ್ರೆ ಮಗೂಗೆ ಒಬ್ರು ಬೇಕಲ್ಲ’ ಅಂದರು. ಆ ದನಿ, ಅದೇ ಎಕ್ಸ್‌ಚೇಂಜಿನ ದನಿ, ಏರದು ಇಳಿಯದು. ನಾನು ಷರಾ ಮನೆಯಲ್ಲಿ ಪೆನ್ಸಿಲ್ಲು ತೆಗೆದುಕೊಂಡು ಬರೆದೆ: ‘ಪುಟ್ಟತಾಯಮ್ಮ (ಅವ್ವ)’.

‘ಪೆನ್ಸಿಲ್ ಯಾಕೆ ಸಾರ್?’

‘ಹೆಡ್‌ಮಾಸ್ಟರನ್ನ ಒಂದು ಮಾತು ಕೇಳಿ ಆಮೇಲೆ ಇಂಕಿನಲ್ಲಿ ತಿದ್ತೀನಿ’ ಅಂದೆ. ಕೇಳಲಿಲ್ಲ, ತಿದ್ದಲೂ ಇಲ್ಲ.

ಪುಟ್ಟತಾಯಮ್ಮನವರಿಗೆ ಓದು ಬರುತ್ತಿರಲಿಲ್ಲ. ತಮ್ಮ ಹೆಸರೊಂದನ್ನು ಮಾತ್ರ ವೇದವತಿಯವರು ಕಲಿಸಿದ್ದರು. ಅವರು ಬಗ್ಗಿ ನನ್ನ ಬರಹದ ಮೇಲೆ ಬೆರಳಿಟ್ಟು ಪು, ಟ್ಟ, ತಾ, ಯ, ಮ್ಮ ಎಂದು ಐದನ್ನೂ ಎಣಿಸಿದರು. ‘ನಂದೇನಾ ಸಾ?’ ಎಂದು ಕೇಳಿದರು. ‘ನಿಂದೇ ಕಣೇ, ಐದೂ ಇದೆಯಲ್ಲ’ ಎಂದು ವೇದವತಿಯವರು ನಕ್ಕರು. ನನ್ನ ಮುತ್ತಿನಂಥ ಅಕ್ಷರಕ್ಕೆ ಅಂಥ ಓದುಗರು ಆಮೇಲೆ ಸಿಗಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ನಿಮ್ಮ ಮುಂದೆ ಬರೀ ಅಂಜುಬುರುಕನಾಗಿ ಕಾಣುತ್ತೇನೆ. ಅಂಜುಬುರುಕ ಹೌದು, ಆದರೆ ಅದಕ್ಕಿಂತ ಕೆಟ್ಟದ್ದೂ ಇದೆ. ನಾನೂ ನನ್ನ ತಾಯಿಯನ್ನು ಅವ್ವ ಎಂದೇ ಕರೆದವನು. ಚನ್ನರಾಯಪಟ್ಟಣದ ಪಕ್ಕದ ಹಳ್ಳಿಯಲ್ಲಿ ಅಮ್ಮ ಎಂಬ ಮಾತು ನಮ್ಮ ಬಾಯಿಗೆ ಬರುತ್ತಲೇ ಇರಲಿಲ್ಲ. ಮೇಷ್ಟರಾದೆ, ಟೆರಿಕಾಟ್ ಪ್ಯಾಂಟು ಹಾಕಿದೆ, ನನ್ನ ಮಕ್ಕಳಿಗೆ ‘ಅಮ್ಮ ಅನ್ನಿ, ಅಮ್ಮ ಅನ್ನಿ’ ಎಂದು ಹೇಳಿಕೊಟ್ಟೆ. ಒಂದು ದಿನ ನನ್ನ ಅವ್ವ ತಲೆಯ ಮೇಲೆ ಅವರೆಕಾಯಿ ಗಂಟು ಹೊತ್ತುಕೊಂಡು ಸ್ಕೂಲಿನ ಹತ್ತಿರವೇ ಬಂದುಬಿಟ್ಟಳು. ಡ್ರಿಲ್ ಮೇಷ್ಟರು ಯಾರೆಂದು ಕೇಳಿದಾಗ ‘ನಮ್ಮೂರಿನವರು’ ಅಂದೆ. ಅವ್ವನಿಗೆ ಕೇಳಿಸಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಗಂಟು ಇಳಿಸಿ, ನೀರು ಕುಡಿದು, ಮುಂದಿನ ಬಸ್ಸಿಗೇ ಹೊರಟುಹೋದಳು. ಅಮ್ಮನೂ ಅವ್ವನೂ ಒಂದೇ ಎಂದು ಆ ಹುಡುಗಿಗೆ ವ್ಯಾಕರಣ ಹೇಳಿದವನು ಇವನೇ.

ಸುಮ ಚೆನ್ನಾಗಿ ಓದುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಮಕ್ಕಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದೆವು. ಹೇಮಾವತಿಯ ನೀರು ಇಳಿದು ಹಳೇ ಚರ್ಚಿನ ಗೋಡೆಗಳು ಬುಡದ ತನಕ ಕಾಣುತ್ತಿದ್ದವು. ಸಹಾಯಕ್ಕೆಂದು ಇಬ್ಬರೂ ಬಂದಿದ್ದರು. ಒಬ್ಬರ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಬ್ಬರ ಡಬ್ಬಿಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮುಚ್ಚಳದ ಮೇಲೆ ಎರಡನ್ನೂ ಹಾಕಿಕೊಂಡು ಮೂವರೂ ಒಂದೇ ಕಡೆ ತಿಂದರು. ಜೊತೆಗಿದ್ದ ಟೀಚರುಗಳು ಆ ಮುಚ್ಚಳವನ್ನು ನೋಡಿದ್ದು ನನಗೆ ಕಂಡಿತು. ಆಮೇಲೆ ಪುಟ್ಟತಾಯಮ್ಮನವರ ಕಾಲಿಗೆ ಮುಳ್ಳು ಚುಚ್ಚಿತು. ವೇದವತಿಯವರು ಅಲ್ಲೇ ಕೂತು, ಆ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಮುಳ್ಳು ತೆಗೆದರು. ಬಹಳ ಹೊತ್ತು ಹಿಡಿಯಿತು. ‘ನೋಯ್ತದಾ?’ ಎಂದು ಅವರು ಒಂದೇ ಸಮ ಕೇಳುವುದು, ‘ಇಲ್ಲ ಕಣವ್ವ, ತಗೀ’ ಎಂದು ಇವರು ಹೇಳುವುದು. ಎಲ್ಲರೂ ಮುಖ ತಿರುಗಿಸಿಕೊಂಡು ಚರ್ಚು ನೋಡತೊಡಗಿದರು. ನಾನು ನೋಡಿದೆ. ಯಾವ ಗಂಡನೂ ಹೆಂಡತಿಯ ಕಾಲನ್ನು ಹಾಗೆ ಹಿಡಿದದ್ದು ನಾನು ಕಂಡಿರಲಿಲ್ಲ, ನಾನಂತೂ ಹಿಡಿದಿರಲಿಲ್ಲ. ಇವರು ಸಂಸಾರಸ್ಥರು ಎಂದು ಅವತ್ತೇ ನನಗೆ ಅರ್ಥವಾಯಿತು. ಅದಕ್ಕೇ ಶುಭಾ ಹೇಳಿದಾಗ ಗೊತ್ತು ಅಂದದ್ದು.

ಮುಂದಿನ ವರ್ಷ, ಸುಮ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ವೇದವತಿಯವರಿಗೆ ಕಾಮಾಲೆ ಬಂತು. ನಾಟಿ ಔಷಧಿಯಲ್ಲಿ ಎರಡು ವಾರ ಹೋಯಿತು. ಮೈಯೆಲ್ಲ ಹಳದಿಯಾಗಿ ಎಚ್ಚರ ತಪ್ಪತೊಡಗಿದ ಮೇಲೆ ಪುಟ್ಟತಾಯಮ್ಮನವರು ಬಾಡಿಗೆ ಕಾರು ಮಾಡಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ‘ನೀವು ಇವರಿಗೆ ಏನಾಗಬೇಕು?’ ಎಂದು ಅಲ್ಲಿ ಕೇಳಿದರಂತೆ. ‘ಜೊತೇಲಿರೋಳು’ ಅಂದರಂತೆ. ಹತ್ತಿರದ ಸಂಬಂಧಿಕರನ್ನು ಕರೆಸಿ ಅಂದರಂತೆ. ಹೊಳೆನರಸೀಪುರದಿಂದ ಅಣ್ಣ ಬಂದರು. ಅಲ್ಲಿಂದ ಮುಂದೆ ಪುಟ್ಟತಾಯಮ್ಮನವರನ್ನು ಯಾರೂ ಏನೂ ಕೇಳಲಿಲ್ಲ. ನಾಲ್ಕನೇ ದಿನ ವೇದವತಿಯವರು ತೀರಿಕೊಂಡರು. ಹೊಳೆನರಸೀಪುರದಲ್ಲಿ ನದಿಯ ದಡದಲ್ಲಿ ಎಲ್ಲ ಮುಗಿಯಿತು. ಪುಟ್ಟತಾಯಮ್ಮನವರು ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಹೋಗಿ, ದೂರದಲ್ಲಿ ಹೆಂಗಸರು ಬಟ್ಟೆ ಒಗೆಯುವ ಕಡೆ ನಿಂತು ಹೊಗೆ ನೋಡಿ ಬಂದರು.

ಹದಿನೈದು ದಿನ ಕಳೆದು ಆ ಅಣ್ಣ ನಮ್ಮ ಸ್ಕೂಲಿಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ಒಗೆದ ಬಿಳಿ ಶರಟು, ಮೃದು ಮಾತು. ತಂಗಿಯ ಮಗಳನ್ನು ಕರೆದುಕೊಂಡು ಹೋಗಲು ಟಿ.ಸಿ. ಬೇಕಿತ್ತು. ಹೆಡ್‌ಮಾಸ್ಟರು ಎಂದಿನಂತೆ ನನ್ನ ಕಡೆಗೆ ಕಳಿಸಿದರು. ನಾನು ರಿಜಿಸ್ಟರು ಬಿಚ್ಚಿ ಪುಟ ಹುಡುಕಿ ಇಟ್ಟೆ. ಅವರು ಹುಟ್ಟಿದ ತಾರೀಕು ಸರಿಯಿದೆಯೇ ಎಂದು ನೋಡುತ್ತಾ ಬಲಗಡೆಗೆ ಬಂದರು. ಕೊನೆಯ ಮನೆಯಲ್ಲಿ ಅವರ ಕಣ್ಣು ನಿಂತಿತು.

‘ಇದೇನ್ ಮೇಷ್ಟ್ರೇ?’

‘ತಂಗಿಯವರೇ ಬರೆಸಿದ್ರು.’

ಅವರು ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು, ಎದುರು ಮಾತಾಡಿದೆ ಎಂದಾದರೂ ಇವತ್ತು ಹೇಳಿಕೊಳ್ಳಬಹುದಿತ್ತು. ಅವರು ಗದರಲಿಲ್ಲ. ‘ನಾಳೆ ಹುಡುಗಿಗೆ ಗಂಡು ನೋಡ್ಬೇಕು, ಕೆಲಸ ನೋಡ್ಬೇಕು. ಇದೆಲ್ಲ ಬರಹದಲ್ಲಿ ಉಳೀಬಾರದು ಅಲ್ವೇ? ಹೇಗೂ ಪೆನ್ಸಿಲ್ಲು ತಾನೇ’ ಅಂದರು. ನನ್ನನ್ನು ತಮ್ಮಂಥವನೇ ಎಂದು ತಿಳಿದು ಆಡಿದ ಮಾತು ಅದು. ಅದೇ ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಡ್ರಾಯರಿನಿಂದ ರಬ್ಬರು ತೆಗೆದೆ. ಅಳಿಸುವುದರಲ್ಲೂ ನಾನು ನಿಪುಣ. ಒಂದೇ ದಿಕ್ಕಿಗೆ, ಹಗುರವಾಗಿ, ಕಾಗದ ಎದ್ದು ಬರದಂತೆ. ಐದು ಅಕ್ಷರ, ಆಮೇಲೆ ಕಂಸದೊಳಗಿನ ಎರಡು. ಫೂ ಎಂದು ಊದಿದೆ. ಒಂದು ಗುರುತೂ ಉಳಿಯಲಿಲ್ಲ. ‘ಬಹಳ ನೀಟು ಕೆಲಸ ನಿಮ್ಮದು’ ಎಂದು ಅವರು ಹೇಳಿದರು. ನಾನು ಟಿ.ಸಿ. ಬರೆದುಕೊಟ್ಟೆ.

ಸುಮ ಹೊರಗೆ ಕಂಬದ ಹತ್ತಿರ ನಿಂತಿದ್ದಳು. ಹೆಗಲಿಗೆ ಸ್ಕೂಲ್ ಬ್ಯಾಗು, ಕೈಯಲ್ಲೊಂದು ಬಟ್ಟೆಯ ಚೀಲ. ‘ಸಾರ್, ಅವ್ವ ಸೊಪ್ಪಿನ ಕೆಲಸಕ್ಕೆ ಹೋಗಿದಾಳೆ. ಐದೂವರೆಗೆ ಬರ್ತಾಳೆ. ಅಲ್ಲೀವರ್ಗೂ ನಿಮ್ಮ ಕ್ಲಾಸಲ್ಲಿ ಕೂತಿರ್ಲಾ?’ ಅಂದಳು. ನಾನು ಮಾವನ ಮುಖ ನೋಡಿದೆ, ಅವರು ವಾಚು ನೋಡಿದರು. ನಾಲ್ಕು ಗಂಟೆಗೆ ಬಸ್ಸು. ‘ಹೋಗಮ್ಮ, ಮಾವನ ಜೊತೆ ಹೋಗು. ಅವ್ವನಿಗೆ ನಾನು ಹೇಳ್ತೀನಿ’ ಅಂದೆ. ಹುಡುಗಿ ನನ್ನನ್ನು ನಂಬಿ ಹೋಯಿತು. ಅವತ್ತು ನಾನು ಬೇಗ ಮನೆಗೆ ಹೊರಟೆ, ಪುಟ್ಟತಾಯಮ್ಮನವರು ಬರುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ.

ಅವರು ಹೊಳೆನರಸೀಪುರಕ್ಕೆ ಮೂರು ಸಲ ಹೋದರೆಂದು ಆಮೇಲೆ ತಿಳಿಯಿತು. ಬಾಗಿಲಲ್ಲಿ ನಿಲ್ಲಿಸಿ, ಕಾಫಿ ಕೊಟ್ಟು, ‘ಮಗು ಓದ್ಕೋತಾ ಇದೆ, ಮನಸ್ಸು ಕೆಡಿಸಬೇಡಿ’ ಎಂದು ಕಳಿಸಿದರಂತೆ. ಅರಕಲಗೂಡಿನ ವಕೀಲರೊಬ್ಬರಿಗೆ ಕನಿಕರ ಹುಟ್ಟಿ, ‘ಆ ಮಗುವಿನ ಹೆಸರಿನ ಜೊತೆ ನಿನ್ನ ಹೆಸರು ಎಲ್ಲಾದರೂ ಒಂದು ಕಡೆ ಬರಹದಲ್ಲಿದ್ದರೆ ತಾ, ಒಂದು ಅರ್ಜಿ ಹಾಕಿ ನೋಡೋಣ, ವಾರಕ್ಕೊಮ್ಮೆ ನೋಡಲಿಕ್ಕಾದರೂ ಬಿಡಲಿ’ ಅಂದಿದ್ದರು. ರೇಷನ್ ಕಾರ್ಡಿನಲ್ಲಿ ಪುಟ್ಟತಾಯಮ್ಮನವರ ಹೆಸರು ತವರಿನಲ್ಲೇ ಉಳಿದಿತ್ತು. ಬಾಡಿಗೆ ಕರಾರು ವೇದವತಿಯವರ ಹೆಸರಿನಲ್ಲಿತ್ತು. ಇಡೀ ಭೂಮಿಯ ಮೇಲೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿದ್ದ ಜಾಗ ನಮ್ಮ ಸ್ಕೂಲಿನ ರಿಜಿಸ್ಟರು ಒಂದೇ.

ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮುಖದಲ್ಲಿ ಗೆಲುವೇ ಇತ್ತು. ‘ಸಾ, ನನ್ನೆಸ್ರು ಬರ್ದಿದ್ರಲ್ಲ, ಆ ಬುಕ್ಕು ತಗೀರಿ ಸಾ. ವಕೀಲ್ರು ಕೇಳ್ತಾವ್ರೆ’ ಅಂದರು.

ಇಲ್ಲ ಎಂದು ಹೇಳಬಹುದಿತ್ತು. ಅಳಿಸಿದೆ ಎಂದೂ ಹೇಳಬಹುದಿತ್ತು. ನಾನು ರಿಜಿಸ್ಟರು ತೆಗೆದು ಅವರ ಮುಂದೆ ಇಟ್ಟೆ. ಅವರು ಸುಮಳ ಸಾಲು ಯಾವುದೆಂದು ಕೇಳಿ, ಅದರ ಮೇಲೆ ಬೆರಳಿಟ್ಟು ನಿಧಾನವಾಗಿ ಬಲಕ್ಕೆ ಹೋದರು. ಸೊಪ್ಪಿನ ಅಂಟು ಹತ್ತಿದ ಕಂದು ಬೆರಳು. ಕೊನೆಯ ಮನೆಗೆ ಬಂತು. ಖಾಲಿ. ಮತ್ತೆ ಎಡದಿಂದ ಶುರುಮಾಡಿ ಮತ್ತೆ ಅಲ್ಲಿಗೇ ಬಂದರು. ‘ಇಲ್ಲೇ ಕೊನೇಗಿತ್ತು ಸಾ. ಐದು ಇದ್ವು’ ಅಂದರು. ಆಮೇಲೆ ಕೆಳಗಿನ ಸಾಲು, ಅದರ ಕೆಳಗಿನ ಸಾಲು. ಪುಟ ತಿರುವಿದರು. ನಾಲ್ಕನೇ ಪುಟದಲ್ಲಿ ಒಮ್ಮೆಗೇ, ‘ಇಗಾ ಸಾ! ಸಿಕ್ತು!’ ಎಂದು ಕೂಗಿದರು. ನೋಡಿದೆ. ಅದು ಬೇರೆ ಪುಟ್ಟತಾಯಮ್ಮ, ಬೇರೆ ಯಾವನೋ ಹುಡುಗನ ತಾಯಿ. ನಮ್ಮ ಕಡೆ ಆ ಹೆಸರಿನವರು ಬೇಕಾದಷ್ಟು. ‘ಇದು ನೀವಲ್ಲಮ್ಮ’ ಅಂದೆ. ಅವರು ನನ್ನ ಮುಖ ನೋಡಿದರು, ಅನುಮಾನದಿಂದಲ್ಲ. ‘ಅಂಗಾರೆ ಬ್ಯಾರೆ ಬುಕ್ಕಿರ್ಬೇಕು ಸಾ. ವಸಿ ನೋಡಿ’ ಅಂದರು.

ನಾನು ಬೀರು ತೆಗೆದೆ. ಹಾಜರಿ ಪುಸ್ತಕ, ಫೀಸಿನ ಪುಸ್ತಕ, ಹಳೆಯ ವರ್ಷಗಳ ರಿಜಿಸ್ಟರು, ಒಂದೊಂದನ್ನೇ ಮೇಜಿನ ಮೇಲೆ ಇಟ್ಟು ಅವರ ಜೊತೆ ಅರ್ಧ ಗಂಟೆ ಹುಡುಕಿದೆ. ಎಲ್ಲೂ ಇಲ್ಲವೆಂದು ಗೊತ್ತಿದ್ದೂ ಪುಟ ಪುಟವೂ ತಿರುವಿದೆ. ಇಷ್ಟು ವರ್ಷದ ಮೇಷ್ಟರಗಿರಿಯಲ್ಲಿ ನಾನು ಮಾಡಿದ ಅತ್ಯಂತ ನೀಚ ಕೆಲಸ ಅಳಿಸಿದ್ದಲ್ಲ, ಆ ಅರ್ಧ ಗಂಟೆ ಹುಡುಕಿದ್ದು. ಕೊನೆಗೆ, ‘ಇರಲಿ, ನಾನು ಹುಡುಕಿ ಇಡ್ತೀನಿ’ ಅಂದೆ. ‘ಸಿಕ್ಕುದ್ರೆ ಯೇಳಿ ಕಳ್ಸಿ ಸಾ, ಎಷ್ಟೊತ್ನಾಗಾದ್ರೂ ಬತ್ತೀನಿ’ ಎಂದು ಹೊರಟರು. ಷರಾ ಮನೆಯ ಬಿಳಿಯ ಮೇಲೆ ಅವರ ಬೆರಳಿನ ಕಂದು ಗುರುತೊಂದು ಕೂತಿತ್ತು. ಅದನ್ನೂ ರಬ್ಬರಿನಿಂದ ಉಜ್ಜಿದೆ. ಅದು ಹೋಗಲಿಲ್ಲ.

ಆಮೇಲೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಕಂಡರೂ ಒಂದೇ ಮಾತು. ‘ಸಿಕ್ತಾ ಸಾ?’ ನಾನು ‘ಹುಡುಕ್ತಾ ಇದೀನಮ್ಮ’ ಅನ್ನುತ್ತಿದ್ದೆ. ಜೊತೆಗಿದ್ದವರು ಏನು ಎಂದು ಕೇಳಿದರೆ ‘ಏನೋ ಹಳೇ ಕಾಗದ’ ಅನ್ನುತ್ತಿದ್ದೆ. ದೂರದಿಂದ ಅವರ ಸೆರಗಿನ ಬಣ್ಣ ಕಂಡರೆ ನಾನು ಅಂಗಡಿಯೊಳಗೆ ನುಗ್ಗುವುದು ಶುರುವಾಯಿತು. ಹೀಗೆ ಬೇಡದ ಬಾಳೆಹಣ್ಣು, ಬೇಡದ ಊದಿನಕಡ್ಡಿ ಎಷ್ಟು ಕೊಂಡೆನೋ. ಎರಡು ವರ್ಷ ಕಳೆದ ಮೇಲೆ ಸ್ವಂತ ಊರು ಹತ್ತಿರವಾಗುತ್ತದೆ ಎಂಬ ನೆಪ ಹೇಳಿ ಚನ್ನರಾಯಪಟ್ಟಣಕ್ಕೆ ವರ್ಗ ಮಾಡಿಸಿಕೊಂಡೆ. ಬೀಳ್ಕೊಡುಗೆಯಲ್ಲಿ ನನ್ನ ಅಕ್ಷರವನ್ನು ಎಲ್ಲರೂ ಹೊಗಳಿದರು. ಹೊರಡುವ ದಿನವೂ ಆ ರಿಜಿಸ್ಟರು ಅದೇ ಬೀರುವಿನಲ್ಲಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು, ಪೆನ್ನೂ ಇತ್ತು.

ಇನ್ನು ಉಳಿದದ್ದು ಸ್ವಲ್ಪ. ಏಳೆಂಟು ವರ್ಷ ಕಳೆದಿತ್ತು, ನಾನು ಇನ್ನೂ ಕೆಲಸದಲ್ಲಿದ್ದೆ. ಒಂದು ಮಧ್ಯಾಹ್ನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಗೊರೂರಿನ ಬಸ್ಸು ನಿಲ್ಲುವ ಕಡೆ ಒಬ್ಬರು ಗಂಟಿನ ಮೇಲೆ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡೊಡನೆ ಎದ್ದು ನಿಂತರು. ಹತ್ತಿರದಲ್ಲಿ ನುಗ್ಗಲು ಅಂಗಡಿ ಇರಲಿಲ್ಲ. ಇವತ್ತು ಅವರು ‘ಸಿಕ್ತಾ ಸಾ’ ಎಂದು ಕೇಳಿದರೆ ‘ನಾನೇ ಅಳಿಸಿದ್ದು’ ಎಂದು ಹೇಳಿಬಿಡುವುದೇ ಸರಿ ಎಂದುಕೊಂಡೆ. ಎರಡೇ ಶಬ್ದ. ಬಾಯಿಯಲ್ಲಿ ಸಿದ್ಧವಾಗಿತ್ತು.

ಅವರು ಕೇಳಲಿಲ್ಲ. ‘ಸಾ, ಇನ್ ಉಡುಕ್ಬ್ಯಾಡಿ ಬುಡಿ’ ಅಂದರು. ‘ಮಗೀಗೆ ಮದ್ವೆ ಆಯ್ತಂತೆ. ಒಳ್ಳೇ ಕಡೆಗೆ ಕೊಟ್ರಂತೆ.’

ವ್ಯಾಕರಣದಲ್ಲಿ ‘ಅಂತೆ’ ಎಂಬುದು ತಾನು ಕಾಣದೆ ಇತರರಿಂದ ಕೇಳಿದ್ದನ್ನು ಹೇಳುವಾಗ ಬರುವ ಮಾತು. ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಮಗಳ ಮದುವೆಗೆ ತಾಯಿಯೊಬ್ಬಳು ಅದನ್ನು ಬಳಸಿದ್ದನ್ನು ಅವತ್ತೇ ಕೇಳಿದ್ದು.

‘ಇನ್ನಾ ಬುಕ್ಕು ಸಿಕ್ರೂ ಏನ್ ಮಾಡಾದು’ ಎಂದು ಅವರೇ ಮುಂದುವರಿಸಿದರು. ‘ನನ್ಗೋಸ್ಕರ ಇಷ್ಟ್ ವರ್ಸ ಉಡುಕುದ್ರಿ. ಯಾರೂ ಅಷ್ಟ್ ಮಾಡ್ಲಿಲ್ಲ ಸಾ. ನಿಮ್ ಮಗಳು ಚೆಂದಾಗಿರ್ಲಿ.’ ಹೇಳಿ ಎರಡೂ ಕೈ ಮುಗಿದರು. ಬೆರಳುಗಳು ಹಾಗೇ ಇದ್ದವು, ಅದೇ ಕಂದು.

ನಾನೂ ಕೈ ಮುಗಿದೆ. ‘ಇರ್ಲಿ ಬಿಡಮ್ಮ, ಅದ್ರಲ್ಲೇನು’ ಅಂದೆ.